ಎಚ್‌ಪಿಎಲ್‌ಸಿ ಪಕ್ಕದ ಕಂಪ್ಯೂಟರು ಯಾರ ಲೆಕ್ಕಕ್ಕೆ?

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಿಟಿಯಲ್ಲೋ ಜಿಕೆವಿಕೆ ಆವರಣದ ಇನ್‌ಕ್ಯುಬೇಟರಿನಲ್ಲೋ ಮೂವತ್ತು ನಲವತ್ತು ಜನ ಸೇರಿ ನಡೆಸುವ ಬಯೋಟೆಕ್ ಕಂಪನಿಯನ್ನು ತೆಗೆದುಕೊಳ್ಳಿ. ಫೈರ್‌ವಾಲ್ ಇರುತ್ತದೆ, ಲ್ಯಾಪ್‌ಟಾಪ್‌ಗಳಲ್ಲಿ ಆಂಟಿವೈರಸ್ ಇರುತ್ತದೆ, ಐಟಿ ನೋಡಿಕೊಳ್ಳಲು ಹೊರಗಿನ ಏಜೆನ್ಸಿಯೂ ಇರುತ್ತದೆ. ಆ ಏಜೆನ್ಸಿಯ ಪಟ್ಟಿಯಲ್ಲಿ ಇಲ್ಲದಿರುವುದು ಎಚ್‌ಪಿಎಲ್‌ಸಿ (ದ್ರಾವಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ), ಸೀಕ್ವೆನ್ಸರ್ (ಡಿಎನ್‌ಎ ಓದುವ ಯಂತ್ರ), ಬಯೋರಿಯಾಕ್ಟರ್ (ಜೀವಕೋಶ ಬೆಳೆಸುವ ಪಾತ್ರೆ) ಇವುಗಳಿಗೆ ಜೋಡಿಸಿದ ಕಂಪ್ಯೂಟರುಗಳು. ಅವು ಉಪಕರಣದ ಬಿಲ್ಲಿನಲ್ಲೇ ಬಂದವು. ಐಟಿಯವರು ಅವು ಲ್ಯಾಬಿನವು ಅನ್ನುತ್ತಾರೆ, ಲ್ಯಾಬಿನವರು ಕಂಪ್ಯೂಟರ್ ಅಂದಮೇಲೆ ಐಟಿಯದೇ ಅನ್ನುತ್ತಾರೆ. ಕಂಪನಿಯ ದೊಡ್ಡ ಅಪಾಯ ಈ ಸಂದಿಯಲ್ಲೇ ಕೂತಿರುತ್ತದೆ.

ಅಂಥದ್ದೊಂದನ್ನು ಹತ್ತಿರದಿಂದ ನೋಡಿದರೆ ವಿಂಡೋಸ್ 7 ಕಾಣಬಹುದು. ಅದರ ಬೆಂಬಲ 2020ರ ಜನವರಿಗೇ ಮುಗಿದಿದೆ, ವಿಂಡೋಸ್ 10ರದ್ದು 2025ರ ಅಕ್ಟೋಬರಿಗೆ. ಅಪ್‌ಡೇಟ್ ಹಾಕಿದರೆ ವ್ಯಾಲಿಡೇಶನ್ (ಯಂತ್ರ ಸರಿಯಾಗಿ ಕೆಲಸ ಮಾಡುತ್ತದೆಂದು ದಾಖಲೆಸಮೇತ ತೋರಿಸುವ ಪರೀಕ್ಷೆ) ಮತ್ತೆ ಮಾಡಬೇಕು, ಸಾಫ್ಟ್‌ವೇರಿನ ಹೊಸ ಆವೃತ್ತಿಗೆ ದುಡ್ಡು ಸುರಿಯಬೇಕು. ಹಾಗಾಗಿ ಯಾರೂ ಮುಟ್ಟುವುದಿಲ್ಲ. ಎಲ್ಲರಿಗೂ ಒಂದೇ ಲಾಗಿನ್. ಸರ್ವಿಸ್ ಎಂಜಿನಿಯರ್ ಎಂದೋ ಹಾಕಿಹೋದ ರಿಮೋಟ್ ಸಾಫ್ಟ್‌ವೇರ್ ಹಗಲಿರುಳೂ ತೆರೆದೇ ಇರುತ್ತದೆ. ಹೊಸ ಯಂತ್ರವಾದರೆ ನಿಶ್ಚಿಂತೆ ಎಂದೇನೂ ಇಲ್ಲ: 2023ರ ಏಪ್ರಿಲ್‌ನಲ್ಲಿ ಇಲ್ಯುಮಿನಾದ ಹಲವು ಸೀಕ್ವೆನ್ಸರ್‌ಗಳ ಸಾಫ್ಟ್‌ವೇರಿನಲ್ಲಿ ಸಿಕ್ಕ ದೋಷಕ್ಕೆ ತೀವ್ರತೆಯ ಅಂಕ ಹತ್ತಕ್ಕೆ ಹತ್ತು.

ಬದಲಾಯಿಸಲಾಗದ ಯಂತ್ರವನ್ನು ಬೇರೆ ಮಾಡಿ ಇಡಬೇಕು. ಇವುಗಳಲ್ಲಿ ಸಾಮಾನ್ಯವಾಗಿ ಎರಡು ನೆಟ್‌ವರ್ಕ್ ಕಾರ್ಡ್ ಇರುತ್ತವೆ: ಒಂದು ಉಪಕರಣಕ್ಕೆ, ಇನ್ನೊಂದು ಆಫೀಸಿನ ನೆಟ್‌ವರ್ಕ್‌ಗೆ. ಎರಡನೆಯದನ್ನು ಪ್ರತ್ಯೇಕ ವಿಲ್ಯಾನ್‌ಗೆ (ಅದೇ ನೆಟ್‌ವರ್ಕಿನಲ್ಲಿ ಬೇರೆ ಮಾಡಿದ ಭಾಗಕ್ಕೆ) ಹಾಕಿ, ಒಂದೇ ಒಂದು ಫೈಲ್ ಸರ್ವರ್‌ಗೆ ದಾರಿ ಬಿಟ್ಟು, ಇಂಟರ್ನೆಟ್ ಮುಚ್ಚಿ. ಎಡವುವುದು ಇಲ್ಲಿಂದ ಮುಂದೆ. ಇಂಟರ್ನೆಟ್ ಮುಚ್ಚಿದ ಮೇಲೆ ಗಡಿಯಾರ ನಿಧಾನವಾಗಿ ತಪ್ಪುತ್ತದೆ. ಕೆಲ ತಿಂಗಳಲ್ಲಿ ಆಡಿಟ್ ಟ್ರೇಲ್‌ನ (ಯಾರು ಯಾವಾಗ ಏನು ಮಾಡಿದರೆಂದು ಸಾಫ್ಟ್‌ವೇರ್ ಇಡುವ ದಾಖಲೆ) ಸಮಯ ಲ್ಯಾಬ್ ಪುಸ್ತಕದ ಸಮಯಕ್ಕೆ ತಾಳೆಯಾಗುವುದಿಲ್ಲ. ಆದ್ದರಿಂದ ಗಡಿಯಾರ ಹೊಂದಿಸುವ ಒಳಗಿನ ಎನ್‌ಟಿಪಿ ಸರ್ವರ್‌ಗೂ ದಾರಿ ಬೇಕು. ಲೈಸೆನ್ಸ್ ಸರ್ವರ್ ಇದ್ದರೆ ಅದಕ್ಕೂ. ಉಪಕರಣದ ರನ್ (ಒಂದು ಸಲದ ಪರೀಕ್ಷೆ) ನಡೆಯುವಾಗ ಆಂಟಿವೈರಸ್ ಡೇಟಾ ಫೋಲ್ಡರನ್ನು ಜಾಲಾಡಿದರೆ ದಾಖಲಾತಿ ಕಡಿದುಹೋಗಬಹುದು. ಯಾವ ಫೋಲ್ಡರ್ ಬಿಡಬೇಕೆಂಬ ಪಟ್ಟಿಯನ್ನು ಉಪಕರಣದ ಕಂಪನಿಯಿಂದ ಬರಹದಲ್ಲಿ ತರಿಸಿಕೊಳ್ಳಿ. ವಿಂಡೋಸ್ ಎಕ್ಸ್‌ಪಿ ಕಾಲದ ಯಂತ್ರ ಫೈಲ್ ಹಂಚುವ ಹಳೆಯ ವಿಧಾನವಾದ ಎಸ್‌ಎಂಬಿ 1 ಬಿಟ್ಟರೆ ಬೇರೆ ಮಾತಾಡುವುದಿಲ್ಲ. ಅದರ ಅನುಕೂಲಕ್ಕೆ ಮುಖ್ಯ ಸರ್ವರಿನಲ್ಲಿ ಎಸ್‌ಎಂಬಿ 1 ತೆರೆಯುವುದು ದೊಡ್ಡ ತಪ್ಪು. 2017ರ ವನ್ನಾಕ್ರೈ ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ಕುತಂತ್ರಾಂಶ) ಹಬ್ಬಿದ್ದೇ ಆ ಬಾಗಿಲಿನಿಂದ. ನಡುವೆ ಚಿಕ್ಕ ಗೇಟ್‌ವೇ ಪೆಟ್ಟಿಗೆ ಇಟ್ಟು ಫೈಲುಗಳನ್ನು ಅಲ್ಲಿಂದ ಎಳೆದುಕೊಳ್ಳಿ. ರಿಮೋಟ್ ಸರ್ವಿಸ್ ಬೇಕಾದಾಗ ಗಂಟೆಯ ಲೆಕ್ಕದಲ್ಲಿ ತೆರೆದು, ಕೆಲಸ ಮುಗಿದೊಡನೆ ಮುಚ್ಚಿ.

2017ರ ಜೂನ್‌ನಲ್ಲಿ ನಾಟ್‌ಪೆಟ್ಯಾ ಎಂಬ ಕುತಂತ್ರಾಂಶ ಉಕ್ರೇನಿನ ಲೆಕ್ಕಪತ್ರ ಸಾಫ್ಟ್‌ವೇರೊಂದರ ಅಪ್‌ಡೇಟ್ ಮೂಲಕ ನುಗ್ಗಿ ಅಮೆರಿಕದ ಮರ್ಕ್ ಕಂಪನಿಯ ತಯಾರಿಕೆಯನ್ನೇ ನಿಲ್ಲಿಸಿತು. ಗಾರ್ಡಸಿಲ್ ಲಸಿಕೆಯನ್ನು ಸರ್ಕಾರದ ದಾಸ್ತಾನಿನಿಂದ ಕಡ ತರಬೇಕಾಯಿತು. 2020ರ ಅಕ್ಟೋಬರಿನಲ್ಲಿ ಡಾ. ರೆಡ್ಡೀಸ್ ರ‍್ಯಾನ್ಸಮ್‌ವೇರ್ ದಾಳಿಯಾದಾಗ ತನ್ನ ಎಲ್ಲ ಡೇಟಾ ಸೆಂಟರುಗಳನ್ನು ಬೇರ್ಪಡಿಸಿತು. ಅಂಥ ದೊಡ್ಡವರು ತಡೆದುಕೊಳ್ಳುತ್ತಾರೆ. ಕೈಯಲ್ಲಿ ಎಂಟು ತಿಂಗಳ ದುಡ್ಡಿರುವ ಸ್ಟಾರ್ಟ್‌ಅಪ್‌ಗೆ ಎರಡು ತಿಂಗಳ ಕೆಲಸ ನಿಂತರೆ ಮುಂದಿನ ಹೂಡಿಕೆಯೇ ಕೈತಪ್ಪುತ್ತದೆ.

ಬ್ಯಾಕಪ್ ವಿಷಯದಲ್ಲಿ ಮೊದಲ ಪ್ರಶ್ನೆ: ಯಾವ ಡೇಟಾ ಮತ್ತೆ ಹುಟ್ಟುವುದಿಲ್ಲ? ಲೈಬ್ರರಿ (ಸೀಕ್ವೆನ್ಸರ್‌ಗೆ ಹಾಕಲು ಸಿದ್ಧಮಾಡಿದ ಡಿಎನ್‌ಎ ಮಾದರಿ) ಉಳಿದಿದ್ದರೆ ಸೀಕ್ವೆನ್ಸಿಂಗ್ ಮತ್ತೆ ಮಾಡಿಸಬಹುದು, ಖರ್ಚು ಬರುತ್ತದೆ ಅಷ್ಟೆ. ಉತ್ಪನ್ನ ಎಷ್ಟು ಕಾಲ ಕೆಡದೆ ಉಳಿಯುತ್ತದೆಂದು ನೋಡುವ ಸ್ಟೆಬಿಲಿಟಿ ಅಧ್ಯಯನದ 12ನೇ ತಿಂಗಳ ರನ್ ಕಳೆದರೆ ಆ ತಿಂಗಳು ಮರಳುವುದಿಲ್ಲ. ಎರಡಕ್ಕೂ ಒಂದೇ ಬಗೆಯ ಬ್ಯಾಕಪ್ ಎಂದರೆ ಟೆರಾಬೈಟ್ ಖರ್ಚು ಏರಿ, ಕೊನೆಗೆ ಯಾರೋ ಸದ್ದಿಲ್ಲದೆ ಎರಡನ್ನೂ ನಿಲ್ಲಿಸುತ್ತಾರೆ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಹೊರಗೆ ಎಂಬ ಹಳೆಯ ಲೆಕ್ಕ ಸರಿಯೇ. ಅದರ ಜೊತೆ ಒಂದು ಪ್ರತಿಯನ್ನು ಕನಿಷ್ಠ 30 ದಿನ ಅಡ್ಮಿನ್ ಕೂಡ ಅಳಿಸಲಾಗದಂತೆ ಬೀಗ ಹಾಕಿಡಿ. ಇಡೀ ನೆಟ್‌ವರ್ಕ್ ನೋಡಿಕೊಳ್ಳುವ ಡೊಮೇನ್ ಅಡ್ಮಿನ್ ಪಾಸ್‌ವರ್ಡಿಗೇ ತೆರೆಯುವ ನ್ಯಾಸ್ (ನೆಟ್‌ವರ್ಕಿಗೆ ಜೋಡಿಸಿದ ಡಿಸ್ಕ್) ಪೆಟ್ಟಿಗೆಯನ್ನು ಬ್ಯಾಕಪ್ ಎಂದು ಎಣಿಸಬೇಡಿ, ದಾಳಿಕೋರರು ಮೊದಲು ಹುಡುಕುವುದೇ ಅದನ್ನು.

ಎಚ್‌ಪಿಎಲ್‌ಸಿ ನಡೆಸುವ ಕ್ರೊಮ್ಯಾಟೊಗ್ರಫಿ ಸಾಫ್ಟ್‌ವೇರ್‌ಗಳು ಹಲವು ಸಲ ಡೇಟಾವನ್ನು ಡೇಟಾಬೇಸಿನಲ್ಲಿ ಇಡುತ್ತವೆ. ಅದು ಓಡುತ್ತಿರುವಾಗ ಫೋಲ್ಡರ್ ಕಾಪಿ ಮಾಡಿದರೆ ಸಿಗುವುದು ಅರೆಬೆಂದ ಪ್ರತಿ. ಪಿಡಿಎಫ್ ವರದಿ ಮೂಲ ಡೇಟಾ ಆಗುವುದಿಲ್ಲ. ಆಡಿಟ್ ಟ್ರೇಲ್ ಇಲ್ಲದ ಪೀಕ್ (ಗ್ರಾಫಿನ ಶಿಖರ) ಚಿತ್ರವನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪುವುದಿಲ್ಲ. ಹಾಗಾಗಿ ಮೂರು ತಿಂಗಳಿಗೊಮ್ಮೆ ಹಳೆಯ ರನ್ ಒಂದನ್ನು ಕಣ್ಣುಮುಚ್ಚಿ ಆರಿಸಿ, ಖಾಲಿ ಯಂತ್ರಕ್ಕೆ ಇಳಿಸಿ, ಅದೇ ಸಾಫ್ಟ್‌ವೇರಿನಲ್ಲಿ ತೆರೆದು ನೋಡಿ. ‘ಬ್ಯಾಕಪ್ ಯಶಸ್ವಿ’ ಎಂಬ ಮೇಲ್ ಈ ಪರೀಕ್ಷೆಗೆ ಬದಲಿಯಲ್ಲ. ಉಪಕರಣದ ಕಂಪ್ಯೂಟರಿನ ಪೂರ್ತಿ ಡಿಸ್ಕ್ ಇಮೇಜನ್ನು ಬಿಡಿ ಎಸ್‌ಎಸ್‌ಡಿಗೆ ಹಾಕಿ ಬೂಟ್ ಮಾಡಿ. ಬೇರೆ ಮದರ್‌ಬೋರ್ಡಿನಲ್ಲಿ ಲೈಸೆನ್ಸ್ ಕೈಕೊಡಬಹುದು, ಅದು ದಾಳಿಯ ದಿನ ಗೊತ್ತಾಗಬಾರದು.

ಮೈನಸ್ 80 ಫ್ರೀಜರಿನ ಅಲಾರಂ ಆಫೀಸಿನ ವೈಫೈ ಮೇಲೇ ನಿಂತಿದ್ದರೆ, ನೆಟ್‌ವರ್ಕ್ ಕಡಿದ ರಾತ್ರಿ ಸೆಲ್ ಬ್ಯಾಂಕ್ (ಹೆಪ್ಪುಗಟ್ಟಿಸಿ ಕಾಪಿಟ್ಟ ಜೀವಕೋಶಗಳು) ಕರಗಿದರೂ ಸುದ್ದಿ ಬರುವುದಿಲ್ಲ. ಫ್ರೀಜರಿನ ಹಿಂದಿನ ಅಲಾರಂ ಟರ್ಮಿನಲ್‌ಗೆ ಸಿಮ್ ಹಾಕಿದ ಡಯಲರ್ ಒಂದನ್ನು ಜೋಡಿಸಿ.

ದುಡ್ಡು ಹೋಗುವುದು ಬಹುಪಾಲು ಮೇಲ್‌ನಿಂದ. ವಿದೇಶಿ ರೀಏಜೆಂಟ್ ಪೂರೈಕೆದಾರರ ಬ್ಯಾಂಕ್ ಖಾತೆ ಬದಲಾಗಿದೆ ಎಂದು ಇನ್‌ವಾಯ್ಸ್ ಬಂದರೆ, ಹಳೆಯ ಕಡತದಲ್ಲಿರುವ ನಂಬರಿಗೆ ಫೋನ್ ಮಾಡಿ ಕೇಳದೆ ಪಾವತಿ ಬೇಡ, ಎಂಡಿಯವರೇ ಅವಸರಪಡಿಸಿದರೂ. ಸಂಸ್ಥಾಪಕರು, ಅಕೌಂಟ್ಸ್, ಅಡ್ಮಿನ್ ಈ ಮೂವರಿಗೆ ಒಟಿಪಿ ಬದಲು ಭೌತಿಕ ಸೆಕ್ಯುರಿಟಿ ಕೀ ಕೊಡಿ.

ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಹೋಗಬೇಕು, ಲಾಗ್‌ಗಳು 180 ದಿನ ಇರಬೇಕು. ಚಿಕ್ಕ ಫೈರ್‌ವಾಲ್‌ಗಳ ಒಳಗೆ ಅಷ್ಟು ಲಾಗ್ ಹಿಡಿಯುವುದಿಲ್ಲ. ಬೇರೆ ಸರ್ವರಿಗೆ ಕಳಿಸಬೇಕು. ರೋಗಿಗಳ ಮಾದರಿ ಇಟ್ಟುಕೊಂಡವರಿಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯೂ ಇದೆ, ಭದ್ರತೆಯಲ್ಲಿ ಲೋಪವಾದರೆ ದಂಡ 250 ಕೋಟಿ ರೂಪಾಯಿವರೆಗೆ. ಆ ಆರು ಗಂಟೆಯಲ್ಲಿ ಮೇಲ್ ಕೆಲಸ ಮಾಡದಿರಬಹುದು, ಆದ್ದರಿಂದ ಫೋನ್ ಪಟ್ಟಿ ಕಾಗದದ ಮೇಲಿರಲಿ. ರಾತ್ರಿ ಪಾಳಿಯ ಟೆಕ್ನಿಷಿಯನ್‌ಗೆ ಯಾರನ್ನೂ ಕೇಳದೆ ನೆಟ್‌ವರ್ಕ್ ಕೇಬಲ್ ಕೀಳುವ ಅಧಿಕಾರ ಬರಹದಲ್ಲಿ ಕೊಡಿ. ಪವರ್ ಮಾತ್ರ ತೆಗೆಯಬಾರದು, ಮೆಮೊರಿಯಲ್ಲಿರುವ ಸಾಕ್ಷ್ಯ ಹೋಗುತ್ತದೆ. ಆಫೀಸ್ ಕಡೆಯ ಕೇಬಲ್‌ಗೆ ಕೆಂಪು ಪಟ್ಟಿ ಸುತ್ತಿಡಿ. ಗಾಬರಿಯಲ್ಲಿ ಉಪಕರಣದ ಕೇಬಲ್ ಕಿತ್ತರೆ ಓಡುತ್ತಿರುವ ರನ್ ಹಾಳು.

ಇನ್ನು ಮೇಲುಸ್ತುವಾರಿ. ಯಾವ ಅಪಾಯವನ್ನು ಹೊತ್ತುಕೊಳ್ಳಬೇಕು ಎಂಬುದನ್ನು ಐಟಿ ಏಜೆನ್ಸಿ ತೀರ್ಮಾನಿಸಲಾರದು. ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2024ರಲ್ಲಿ ತನ್ನ ಸೈಬರ್ ಭದ್ರತಾ ಚೌಕಟ್ಟಿಗೆ ಆಡಳಿತ ಎಂಬ ಆರನೆಯ ಭಾಗವನ್ನು ಸೇರಿಸಿದ್ದು ಈ ಕಾರಣಕ್ಕೇ. ಹತ್ತು ಹನ್ನೆರಡು ಸಾಲಿನ ರಿಸ್ಕ್ ರಿಜಿಸ್ಟರ್ (ಅಪಾಯಗಳ ಪಟ್ಟಿ) ಸಾಕು, ನೂರು ಸಾಲಿನದನ್ನು ಯಾರೂ ಓದುವುದಿಲ್ಲ. ಒಂದು ಸಾಲು ಹೀಗಿರಬಹುದು: ‘ಎಚ್‌ಪಿಎಲ್‌ಸಿ-2, ವಿಂಡೋಸ್ 7, ಇಂಟರ್ನೆಟ್ ಮುಚ್ಚಿದೆ, ಇಮೇಜ್ ಮಾರ್ಚ್‌ನಲ್ಲಿ ಪರೀಕ್ಷಿಸಿದೆ, ಹೊಣೆ ಕ್ಯೂಸಿ (ಗುಣಮಟ್ಟ ನಿಯಂತ್ರಣ) ಮುಖ್ಯಸ್ಥರು, ಒಪ್ಪಿದವರು ಸಿಇಒ, ಮರುನೋಟ ಸೆಪ್ಟೆಂಬರ್.’ ಸೆಪ್ಟೆಂಬರ್‌ನಲ್ಲಿ ಮುಂದೂಡಬೇಕಿದ್ದರೆ ಸಿಇಒ ಮತ್ತೆ ಸಹಿ ಹಾಕಲಿ. ಮಂಡಳಿ ಪ್ರತಿ ತ್ರೈಮಾಸಿಕದಲ್ಲಿ ಕೇಳಬೇಕಾದ್ದು ಹೆಚ್ಚಿಲ್ಲ: ಕೊನೆಯ ರಿಸ್ಟೋರ್ ಎಷ್ಟು ಗಂಟೆ ಹಿಡಿಯಿತು, ಬಿಟ್ಟುಹೋದವರ ಖಾತೆ ಅದೇ ದಿನ ಮುಚ್ಚಿತೇ, ಪಟ್ಟಿಗೆ ಸೇರದ ಯಂತ್ರ ಎಷ್ಟು. ಕ್ಲೌಡ್ ಕಂಪನಿಗಳು ಕೊಡುವ ಎಸ್‌ಒಸಿ 2 ವರದಿಯನ್ನು (ಅವರ ಭದ್ರತೆಯನ್ನು ಹೊರಗಿನ ಆಡಿಟರ್ ಪರಿಶೀಲಿಸಿ ಬರೆದದ್ದು) ಕಡತಕ್ಕೆ ಸೇರಿಸುವ ಮುಂಚೆ ಎರಡು ಭಾಗ ಓದಿಸಿ: ಆಡಿಟರ್ ಗುರುತಿಸಿದ ಲೋಪಗಳು, ಮತ್ತು ಗ್ರಾಹಕರೇ ಮಾಡಿಕೊಳ್ಳಬೇಕಾದ ನಿಯಂತ್ರಣಗಳ ಪಟ್ಟಿ. ಎರಡನೆಯದರಲ್ಲಿರುವ ಕೆಲಸಗಳನ್ನು ನಿಮ್ಮಲ್ಲಿ ಯಾರೂ ಮಾಡುತ್ತಿಲ್ಲವಾದರೆ ಅವೂ ರಿಜಿಸ್ಟರಿಗೆ ಸೇರಬೇಕು.