ಸುದ್ದಿ ಬರೆಯುವ ಮುನ್ನ ಪ್ರಬಂಧ ಕೈಗೆ ಸಿಗಲಿ

ವಿಜ್ಞಾನದ ಸುದ್ದಿ ಅತಿರಂಜಿತವಾಗಿ ಅಚ್ಚಾದಾಗಲೆಲ್ಲ ನಾವು ಸಂಶೋಧಕರು ಪತ್ರಕರ್ತರ ಮೇಲೆ ಹರಿಹಾಯುತ್ತೇವೆ. ಇದು ನ್ಯಾಯವಲ್ಲ. ಬ್ರಿಟನ್ನಿನ 20 ವಿಶ್ವವಿದ್ಯಾಲಯಗಳು ಹೊರಡಿಸಿದ 462 ಪತ್ರಿಕಾ ಪ್ರಕಟಣೆಗಳನ್ನು ಮೂಲ ಸಂಶೋಧನಾ ಪ್ರಬಂಧಗಳ ಜೊತೆಗಿಟ್ಟು ನೋಡಿದ ಅಧ್ಯಯನವೊಂದು 2014ರಲ್ಲಿ ‘ಬಿಎಂಜೆ’ ಎಂಬ ವೈದ್ಯಕೀಯ ಸಂಶೋಧನಾ ಪತ್ರಿಕೆಯಲ್ಲಿ (ಜರ್ನಲ್) ಪ್ರಕಟವಾಯಿತು. ಶೇ 40ರಷ್ಟು ಪ್ರಕಟಣೆಗಳಲ್ಲಿ ಓದುಗರಿಗೆ ಕೊಟ್ಟ ಸಲಹೆ ಮೂಲಕ್ಕಿಂತ ಉಬ್ಬಿತ್ತು. ಪ್ರಕಟಣೆ ಉಬ್ಬಿದಲ್ಲಿ ಸುದ್ದಿಯೂ ಉಬ್ಬಿತ್ತು. ಪ್ರಕಟಣೆ ಹದವಾಗಿದ್ದಲ್ಲಿ ಸುದ್ದಿಯೂ ಬಹುಮಟ್ಟಿಗೆ ಹದವಾಗಿಯೇ ಇತ್ತು.

ಇದು ಹೇಗಾಗುತ್ತದೆ ಎಂಬುದು ಒಳಗಿರುವವರಿಗೆ ಗೊತ್ತು. ಪ್ರಬಂಧ ಅಂಗೀಕಾರವಾದ ಕೂಡಲೇ ಸಂಸ್ಥೆಯ ಪ್ರಚಾರ ವಿಭಾಗದಿಂದ ಪತ್ರಿಕಾ ಪ್ರಕಟಣೆಯ ಕರಡು ಬರುತ್ತದೆ. ಪ್ರಬಂಧದಲ್ಲಿ ನಾವು ಬರೆದಿರುವುದು ಇಲಿಗಳಲ್ಲಿ ಗಡ್ಡೆಯ ಬೆಳವಣಿಗೆ ನಿಧಾನವಾಯಿತು ಎಂದು. ಕರಡಿನ ಶೀರ್ಷಿಕೆ: ‘ಕ್ಯಾನ್ಸರ್ ಚಿಕಿತ್ಸೆಗೆ ಹೊಸ ದಾರಿ’. ಇಲಿಯ ಮಾತು ಬರುವುದು ನಾಲ್ಕನೆಯ ಪ್ಯಾರಾದಲ್ಲಿ. ಅದಕ್ಕೆ ಒಪ್ಪಿಗೆ ಕೊಡುವವರು ಬೇರೆ ಯಾರೂ ಅಲ್ಲ, ಪ್ರಬಂಧದ ಲೇಖಕರೇ. ‘ಇಲಿಗಳಲ್ಲಿ’ ಎಂಬ ಪದವನ್ನು ಶೀರ್ಷಿಕೆಗೆ ಸೇರಿಸದೆ ಕರಡನ್ನು ಹಿಂದಿರುಗಿಸಬೇಡಿ ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ.

ಪತ್ರಕರ್ತರು ಮೂಲವನ್ನು ನೋಡಬಾರದೇ ಎಂದು ಕೇಳಬಹುದು. ದೊಡ್ಡ ಪತ್ರಿಕೆಗಳ ವಿಜ್ಞಾನ ವರದಿಗಾರರಿಗೆ ಪ್ರಮುಖ ಜರ್ನಲ್‌ಗಳಿಂದ ಮುಂಗಡ ಪ್ರತಿ ಸಿಗುತ್ತದೆ. ಸಣ್ಣ ಪತ್ರಿಕೆಯವರಿಗೆ, ತನ್ನದೇ ಕಾಯಿಲೆಯ ಬಗ್ಗೆ ಓದಬಯಸುವ ರೋಗಿಗೆ, ಶಾಲೆಯ ಶಿಕ್ಷಕರಿಗೆ ಸಿಗುವುದು ಬಹಳಷ್ಟು ಸಲ ಸಾರಾಂಶ ಮಾತ್ರ. ಉಳಿದದ್ದಕ್ಕೆ ಹಣ ತೆರಬೇಕು. ಎಷ್ಟು ಪ್ರಾಣಿಗಳು, ಎಷ್ಟು ಪ್ರಮಾಣದ ಔಷಧ, ಹೋಲಿಕೆಗೆ ಯಾವ ಗುಂಪು ಎಂಬ ವಿವರಗಳೆಲ್ಲ ಇರುವುದು ಆ ಉಳಿದದ್ದರಲ್ಲಿಯೇ.

ಬಾಗಿಲು ತೆರೆದಿದ್ದರೆ ಏನಾಗುತ್ತದೆ ಎಂಬುದಕ್ಕೆ 2020ರ ಒಂದು ಪ್ರಕರಣ ನೋಡಿ. ಕೋವಿಡ್ ಕಾಲದಲ್ಲಿ ಪ್ರಕಾಶಕರು ಆ ರೋಗದ ಪ್ರಬಂಧಗಳನ್ನು ಎಲ್ಲರಿಗೂ ಮುಕ್ತಗೊಳಿಸಿದ್ದರು. ಕೋವಿಡ್‌ಗೆ ಬಳಸಿ ನೋಡುತ್ತಿದ್ದ ಹೈಡ್ರಾಕ್ಸಿಕ್ಲೋರೋಕ್ವಿನ್ ಔಷಧದ ಕುರಿತ ಪ್ರಬಂಧವೊಂದು ಮೇ 22ರಂದು ‘ದಿ ಲ್ಯಾನ್ಸೆಟ್’ ಎಂಬ ವೈದ್ಯಕೀಯ ಜರ್ನಲ್‌ನಲ್ಲಿ ಬಂತು, ತಜ್ಞರ ಪರಿಶೀಲನೆ ದಾಟಿಯೇ ಬಂತು. ಅದರ ಪ್ರಕಾರ ಏಪ್ರಿಲ್ 21ರವರೆಗೆ ಆಸ್ಟ್ರೇಲಿಯಾದ ಕೇವಲ ಐದು ಆಸ್ಪತ್ರೆಗಳಲ್ಲಿ 73 ಕೋವಿಡ್ ಸಾವುಗಳಾಗಿದ್ದವು. ಅದೇ ದಿನದವರೆಗೆ ಇಡೀ ಆ ದೇಶದಲ್ಲಿ ದಾಖಲಾಗಿದ್ದ ಸಾವುಗಳು 67! ಈ ವ್ಯತ್ಯಾಸವನ್ನು ‘ಗಾರ್ಡಿಯನ್’ ಪತ್ರಿಕೆಯ ಆಸ್ಟ್ರೇಲಿಯಾ ಆವೃತ್ತಿ ವರದಿ ಮಾಡಿತು. ಹೊರಗಿನ ವಿಜ್ಞಾನಿಗಳು ಬಹಿರಂಗ ಪತ್ರ ಬರೆದರು. ಮೂಲ ದತ್ತಾಂಶವನ್ನು ಸ್ವತಂತ್ರವಾಗಿ ಪರಿಶೀಲಿಸಲಾಗದ ಕಾರಣ ಜೂನ್ 4ರಂದು ಪ್ರಬಂಧವನ್ನು ಹಿಂತೆಗೆದುಕೊಳ್ಳಲಾಯಿತು. ಪರಿಶೀಲಕರ ಕಣ್ತಪ್ಪಿದ್ದು ಹೊರಗಿನ ಓದುಗರ ಕಣ್ಣಿಗೆ ಬಿತ್ತು.

ಜರ್ನಲ್‌ಗಳು ನಮಗೆ ಸಂಭಾವನೆ ಕೊಡುವುದಿಲ್ಲ, ಪರಿಶೀಲಿಸುವ ತಜ್ಞರಿಗೂ ಸಾಮಾನ್ಯವಾಗಿ ಕೊಡುವುದಿಲ್ಲ. ಸಂಶೋಧನೆಯ ಖರ್ಚಿನ ದೊಡ್ಡ ಪಾಲು ಸಾರ್ವಜನಿಕರದು. ಹೀಗಿರುವಾಗ ಅವರನ್ನೇ ಹೊರಗಿಡುವುದು ತಪ್ಪು. ಹಾಗೆಂದು ಓದುಗರಿಗೆ ಉಚಿತವಾಗಿ ಕೊಟ್ಟು ಖರ್ಚನ್ನು ಲೇಖಕರ ತಲೆಗೆ ಕಟ್ಟುವ ಬಗೆಯ ಮುಕ್ತ ಪ್ರವೇಶವನ್ನೂ ನಾನು ಒಪ್ಪಲಾರೆ. 2021ರಲ್ಲಿ ‘ನೇಚರ್’ ಜರ್ನಲ್ ಹೀಗೆ ಮುಕ್ತವಾಗಿಸುವ ಒಂದು ಪ್ರಬಂಧಕ್ಕೆ ನಿಗದಿ ಮಾಡಿದ ಶುಲ್ಕ 9,500 ಯೂರೋ. ಅನುದಾನವಿಲ್ಲದ ಪ್ರಯೋಗಾಲಯ ಎಲ್ಲಿಂದ ತರಬೇಕು? ಭೌತವಿಜ್ಞಾನಿಗಳು 1991ರಿಂದ ‘ಆರ್ಕೈವ್’ (arXiv) ಎಂಬ ಆನ್‌ಲೈನ್ ಭಂಡಾರದಲ್ಲಿ ಯಾರಿಗೂ ಶುಲ್ಕವಿಲ್ಲದೆ ತಮ್ಮ ಪ್ರಬಂಧಗಳನ್ನು ಹಂಚಿಕೊಳ್ಳುತ್ತಿದ್ದಾರೆ. ಜರ್ನಲ್ ಅಂಗೀಕರಿಸಿದ ಹಸ್ತಪ್ರತಿಯನ್ನು ಲೇಖಕರ ಸಂಸ್ಥೆಯ ಆನ್‌ಲೈನ್ ಭಂಡಾರದಲ್ಲಿಡಲು ಹಲವು ಪ್ರಕಾಶಕರು ಅನುಮತಿ ಕೊಡುತ್ತಾರೆ, ಕೆಲವೊಮ್ಮೆ ಒಂದಷ್ಟು ತಿಂಗಳು ಕಾಯಬೇಕು, ಅಷ್ಟೆ. ಈ ಅವಕಾಶವನ್ನು ಬಳಸದೆ ಬಿಡುವ ಸಂಶೋಧಕರ ಉದಾಸೀನ ನನಗೆ ಅರ್ಥವಾಗುವುದಿಲ್ಲ.

ಪ್ರಬಂಧಗಳೆಲ್ಲ ಮುಕ್ತವಾಗುವವರೆಗೆ ವರದಿಗಾರರಿಗೆ ಒಂದು ದಾರಿಯಿದೆ. ಸಂಪರ್ಕಿಸಬೇಕಾದ ಲೇಖಕರ ಇಮೇಲ್ ವಿಳಾಸ ಬಹುತೇಕ ಜರ್ನಲ್‌ಗಳಲ್ಲಿ ಸಾರಾಂಶದ ಪುಟದಲ್ಲೇ ಇರುತ್ತದೆ. ಎರಡು ಸಾಲು ಬರೆದು ಪ್ರತಿ ಕೇಳಿ. ನನಗೆ ಅಂಥ ಪತ್ರ ಬಂದರೆ ಪ್ರಬಂಧದ ಜೊತೆಗೆ, ಯಾವ ಕೋಷ್ಟಕವನ್ನು ಮೊದಲು ನೋಡಬೇಕು, ಯಾವ ಫಲಿತಾಂಶ ಇನ್ನೂ ಗಟ್ಟಿಯಾಗಿಲ್ಲ ಎಂಬುದನ್ನೂ ಬರೆದು ಕಳುಹಿಸುತ್ತೇನೆ.