ಹನ್ನೆರಡು ಅಡಿ ಹಾಲ್‌ನಲ್ಲಿ ಆರ್ಚರಿ ಪ್ರಾಕ್ಟೀಸ್ ಮಾಡಬಹುದಾ?

ಪ್ರಶ್ನೆ: ಆರ್ಚರಿ ಕಲಿಯಲು ಶುರು ಮಾಡಿ ಕೆಲವು ತಿಂಗಳಾಯಿತು. ನನ್ನದು ರಿಕರ್ವ್ ಬಿಲ್ಲು (ತುದಿಗಳು ಮುಂದಕ್ಕೆ ಬಾಗಿರುವಂಥದ್ದು), ಎಳೆಯಲು 24 ಪೌಂಡ್ ಬಲ ಬೇಕು. ಭಾನುವಾರ ಮಾತ್ರ ರೇಂಜ್‌ಗೆ ಹೋಗಲು ಆಗುತ್ತದೆ. ಇರುವುದು ಫ್ಲಾಟ್‌ನಲ್ಲಿ, ಹಾಲ್ ಉದ್ದ ಹನ್ನೆರಡು ಅಡಿ. ಉಳಿದ ದಿನ ಮನೆಯಲ್ಲೇ ಪ್ರಾಕ್ಟೀಸ್ ಮಾಡಿದರೆ ಏನಾದರೂ ಪ್ರಯೋಜನ ಇದೆಯಾ?

ಉತ್ತರ: ಇದೆ, ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿನೇ ಇದೆ. ಆದರೆ ಗುರಿಗೆ ಹೊಡೆಯುವುದನ್ನು ಹಾಲ್‌ನಲ್ಲಿ ಕಲಿಯಲು ಆಗುವುದಿಲ್ಲ. ಬಿಲ್ಲು ಎಳೆಯುವುದು, ಎಳೆದು ಅಲುಗದೆ ನಿಲ್ಲುವುದು, ಹೆದೆ ಬಿಡುವುದು, ಈ ಮೂರನ್ನು ಕಲಿಯಬಹುದು. ಸ್ಕೋರ್ ಏರುವುದು, ಇಳಿಯುವುದು ಎಲ್ಲ ಇವುಗಳ ಮೇಲೇ ನಿಂತಿದೆ.

ಲೆಕ್ಕ ನೋಡಿ. ಗೋಡೆ, ಟಾರ್ಗೆಟ್, ನೀವು ನಿಲ್ಲುವ ಜಾಗ ಕಳೆದರೆ ಬಾಣಕ್ಕೆ ಸಿಗುವುದು ಮೂರು ಮೀಟರ್ ಅಥವಾ ಇನ್ನೂ ಕಡಿಮೆ. ಮೂರು ಮೀಟರ್‌ನಲ್ಲಿ ಬಾಣ ಒಂದು ಸೆಂಟಿಮೀಟರ್ ಆಚೆ ಬಿದ್ದರೆ ನಿಮಗೆ ಗೊತ್ತೇ ಆಗುವುದಿಲ್ಲ. ಅದೇ ತಪ್ಪು ಒಳಾಂಗಣ ಸ್ಪರ್ಧೆಯ 18 ಮೀಟರ್‌ಗೆ ಹೋದಾಗ ಆರು ಸೆಂಟಿಮೀಟರ್ ಆಗುತ್ತದೆ. ಅಲ್ಲಿನ 40 ಸೆಂಟಿಮೀಟರ್ ಟಾರ್ಗೆಟ್‌ನಲ್ಲಿ ಅದು ಮೂರು ರಿಂಗ್. ಒಲಿಂಪಿಕ್ಸ್‌ನ 70 ಮೀಟರ್ ಆದರೆ ಇಪ್ಪತ್ತು ಸೆಂಟಿಮೀಟರ್ ದಾಟುತ್ತದೆ. ಹಾಗಾಗಿ ಮನೆಯಲ್ಲಿ ಬಣ್ಣದ ಟಾರ್ಗೆಟ್ ಪೇಪರ್ ಅಂಟಿಸಲೇಬೇಡಿ. ರಿಲೀಸ್, ಅಂದರೆ ಹೆದೆ ಬಿಡುವುದು, ಕೆಟ್ಟದಾಗಿದ್ದರೂ ಬಾಣ ನಡುವಿನ ಹಳದಿಗೇ ಬೀಳುತ್ತದೆ, ನೋಡಿ ಖುಷಿಪಡುತ್ತೀರಿ, ಅದೇ ಅಭ್ಯಾಸ ಕೈಗೆ ಕೂತುಬಿಡುತ್ತದೆ.

ಜಪಾನಿನ ಸಾಂಪ್ರದಾಯಿಕ ಬಿಲ್ಲುವಿದ್ಯೆ ಕ್ಯೂದೋದಲ್ಲಿ ಇದಕ್ಕೊಂದು ಪದ್ಧತಿಯೇ ಇದೆ. ಅಲ್ಲಿ ಮಾಮೂಲಿ ಗುರಿ ಇರುವುದು 28 ಮೀಟರ್ ದೂರದಲ್ಲಿ. ಆದರೆ ಕಲಿಯುವವರು ಮೊದಲು ರಬ್ಬರ್ ಕಟ್ಟಿದ ಚಿಕ್ಕ ಕೋಲನ್ನು ಎಳೆಯುತ್ತಾರೆ, ಆಮೇಲೆ ಮಕಿವಾರ ಅನ್ನುವ ಹುಲ್ಲಿನ ದಿಂಡಿಗೆ ಒಂದು ಬಿಲ್ಲಿನ ಉದ್ದದಷ್ಟೇ, ಅಂದರೆ ಸುಮಾರು ಎರಡು ಮೀಟರ್ ದೂರದಿಂದ ಬಾಣ ಬಿಡುತ್ತಾರೆ. ವರ್ಷಗಟ್ಟಲೆ ಪಳಗಿದವರೂ ಮಕಿವಾರ ಬಿಡುವುದಿಲ್ಲ. ಅಷ್ಟು ಹತ್ತಿರದಲ್ಲಿ ತಪ್ಪುವ ಭಯ ಇಲ್ಲ, ಅದಕ್ಕೇ ಗಮನ ಪೂರ್ತಿ ಮೈಮೇಲೆ ಇರುತ್ತದೆ.

ಶುರು ಮಾಡುವುದು ಬಾಣವಿಲ್ಲದೆ. ಫಿಸಿಯೋಥೆರಪಿಯವರು ಕೊಡುವ ರಬ್ಬರ್ ಬ್ಯಾಂಡ್ ಸಾಕು. ಕನ್ನಡಿ ಮುಂದೆ ನಿಂತು ಎಳೆಯಿರಿ. ಬಿಲ್ಲು ಹಿಡಿಯುವ ಭುಜ ಕಿವಿಯ ಕಡೆ ಏರುತ್ತಿದೆಯಾ ನೋಡಿ, ಹೊಸಬರಲ್ಲಿ ಬಹಳಷ್ಟು ಜನರಿಗೆ ಏರುತ್ತದೆ. ಫೋನನ್ನು ನಿಮ್ಮ ಹಿಂದೆ, ಬಾಣ ಹೋಗುವ ಸಾಲಿನಲ್ಲೇ ಇಟ್ಟು ವಿಡಿಯೋ ತೆಗೆಯಿರಿ. ಎಳೆದ ಕೈಯ ಮೊಣಕೈ ಬಾಣದ ಸಾಲಿಗೆ ಬಂದಿದೆಯಾ, ಹೊರಗೇ ಉಳಿದಿದೆಯಾ ಅಂತ ಕೋಚ್ ಇಲ್ಲದೆಯೂ ಗೊತ್ತಾಗುತ್ತದೆ.

ರಿಲೀಸ್‌ಗೆ ನನಗೆ ತುಂಬಾ ಇಷ್ಟವಾದ ಅಭ್ಯಾಸ ಒಂದಿದೆ, ಒಂದು ತುಂಡು ಹಗ್ಗ ಇದ್ದರೆ ಆಯಿತು. ಹಿಗ್ಗದ ಹಗ್ಗ ಬೇಕು. ಬಳೆಯಂತೆ ಗಂಟು ಹಾಕಿ. ಒಂದು ತುದಿ ಬಿಲ್ಲು ಹಿಡಿಯುವ ಕೈಯ ಹೆಬ್ಬೆರಳ ಬುಡಕ್ಕೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಹೆದೆ ಹಿಡಿಯುವ ಮೂರು ಬೆರಳಿಗೆ ಹಾಕಿ. ಬೆರಳು ಗದ್ದದ ಕೆಳಗೆ ಬಂದಾಗ ಹಗ್ಗ ಸರಿಯಾಗಿ ಬಿಗಿಯಾಗಬೇಕು, ಅಷ್ಟು ಉದ್ದ ಇರಲಿ. ಈಗ ಬೆನ್ನಿನಿಂದ ಎಳೆಯಿರಿ. ಹಗ್ಗ ಹಿಗ್ಗುವುದಿಲ್ಲ, ಬೆನ್ನಿನ ಸ್ನಾಯು ಮಾತ್ರ ಬಿಗಿಯುತ್ತದೆ. ಹಾಗೇ ಬಿಗಿಯುತ್ತಾ ಬೆರಳು ಸಡಿಲ ಬಿಡಿ. ಬೆನ್ನು ಕೆಲಸ ಮಾಡುತ್ತಿದ್ದರೆ ಕೈ ತಾನಾಗಿ ಕುತ್ತಿಗೆ ಸವರಿಕೊಂಡು ಹಿಂದಕ್ಕೆ ಹೋಗುತ್ತದೆ. ಬೆರಳನ್ನು ಬೇಕಂತಲೇ ತೆರೆದಿದ್ದರೆ ಕೈ ಇದ್ದಲ್ಲೇ ನಿಲ್ಲುತ್ತದೆ, ಇಲ್ಲವೇ ಮುಖದಿಂದ ಆಚೆಗೆ ಹಾರುತ್ತದೆ. ಈ ವ್ಯತ್ಯಾಸ ಹಗ್ಗದಲ್ಲಿ ತಿಳಿದಷ್ಟು ಸ್ಪಷ್ಟವಾಗಿ ಬಿಲ್ಲಿನಲ್ಲೂ ತಿಳಿಯುವುದಿಲ್ಲ.

ಬಲಕ್ಕೆ ಬೇಕಾದ್ದು ಹಿಡಿದು ನಿಲ್ಲುವುದು. ಅಮೆರಿಕ ತಂಡದ ಕೋಚ್ ಆಗಿದ್ದ ಕಿಸಿಕ್ ಲೀ ಅವರ ತರಬೇತಿಯಲ್ಲಿ ಫುಲ್ ಡ್ರಾನಲ್ಲಿ, ಅಂದರೆ ಹೆದೆಯನ್ನು ಪೂರ್ತಿ ಎಳೆದು, 30 ಸೆಕೆಂಡ್ ಹಿಡಿದು, ಒಂದು ನಿಮಿಷ ಬಿಟ್ಟು, ಮತ್ತೆ ಹಿಡಿಯುತ್ತಾರೆ. ನೀವು 10 ಸೆಕೆಂಡಿನಿಂದ ಶುರು ಮಾಡಿ. ಭುಜ ನಡುಗಿ ಮೇಲೇರಲು ಶುರುವಾದರೆ ಅಲ್ಲಿಗೆ ನಿಲ್ಲಿಸಿ. ಇಲ್ಲೊಂದು ಅಪಾಯ ಇದೆ: ಬಾಣ ಇಲ್ಲದೆ ಹೆದೆ ಕೈಜಾರಿದರೆ ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಲಿಂಬ್‌ಗಳಿಗೇ (ಬಿಲ್ಲಿನ ಮೇಲಿನ, ಕೆಳಗಿನ ಬಾಗುವ ಭಾಗಗಳಿಗೆ) ಬಡಿಯುತ್ತದೆ, ಲಿಂಬ್ ಸೀಳಿಹೋಗಬಹುದು, ಚೂರು ಮುಖಕ್ಕೂ ಸಿಡಿಯಬಹುದು. ಅದಕ್ಕೆ ಹೆದೆಯಿಂದ ಮೊಣಕೈಗೆ ಗಟ್ಟಿ ಪಟ್ಟಿ ಕಟ್ಟಿಕೊಂಡು ಮಾಡಬೇಕು, ಆಮೇಲೆ ನಿಧಾನವಾಗಿ ಹೆದೆಯನ್ನು ಮುಂದಕ್ಕೆ ಇಳಿಸಬೇಕು.

ಇನ್ನು ಬಾಣ. ಮೊದಲು ನೋಡಬೇಕಾದ್ದು ಬಾಗಿಲು. ನಿಮಗೂ ಟಾರ್ಗೆಟ್‌ಗೂ ನಡುವೆ, ಅಥವಾ ಟಾರ್ಗೆಟ್ ಪಕ್ಕದಲ್ಲಿ ಯಾರಾದರೂ ತೆರೆದು ಬರಬಹುದಾದ ಬಾಗಿಲು ಇದ್ದರೆ ಆ ಹಾಲ್‌ನಲ್ಲಿ ಬಾಣ ಬೇಡ. "ಯಾರೂ ಬರಬೇಡಿ" ಅಂತ ಹೇಳಿಟ್ಟರೆ ಸಾಲದು, ಮಕ್ಕಳು ಬರುತ್ತಾರೆ. ಬ್ಯಾಂಡ್, ಹಗ್ಗ, ಕನ್ನಡಿಯಲ್ಲೇ ವಾರ ಕಳೆಯಿರಿ, ನಷ್ಟವೇನೂ ಇಲ್ಲ. ಬಾಲ್ಕನಿ ಕಡೆಗೆ, ಕಿಟಕಿ ಕಡೆಗೆ ಅಂತೂ ಯಾವ ಕಾರಣಕ್ಕೂ ಬೇಡ. ಬಾಗಿಲು ನಿಮ್ಮ ಬೆನ್ನ ಹಿಂದೆ ಮಾತ್ರ ಇದ್ದರೆ ಚಿಲಕ ಹಾಕಿ ಮುಂದುವರಿಯಿರಿ.

ಟಾರ್ಗೆಟ್‌ಗೆ ಥರ್ಮಾಕೋಲ್ ತರಬೇಡಿ, ಬಾಣ ಸೀದಾ ತೂರಿಹೋಗುತ್ತದೆ. ಪದರ ಪದರವಾಗಿ ಒತ್ತಿದ ಆರ್ಚರಿ ಫೋಮ್ ಒಳ್ಳೆಯದು. ಕಡಿಮೆ ಖರ್ಚಿನಲ್ಲಿ ಆಗಬೇಕಂದರೆ ದೊಡ್ಡ ಗೋಣಿಚೀಲಕ್ಕೆ ಹಳೇ ಸೀರೆ, ಬೆಡ್‌ಶೀಟ್, ಟೀ ಶರ್ಟ್ ಒತ್ತೊತ್ತಿ ತುಂಬಿ. ಗುಂಡಿ, ಜಿಪ್ ಎಲ್ಲ ಕತ್ತರಿಸಿ ತೆಗೆದಿರಬೇಕು. ಚೀಲದ ಹಿಂದೆ ಹಳೇ ಹಾಸಿಗೆ ನಿಲ್ಲಿಸಿ, ಅದು ಚೀಲಕ್ಕಿಂತ ಎಲ್ಲ ಕಡೆಗೂ ಅಗಲ ಇರಲಿ. ಬಾಣ ಗೋಡೆಗೆ ಬಡಿದರೆ ವಾಪಸ್ ಹಾರುತ್ತದೆ. ಹಾಸಿಗೆ ಇದ್ದರೆ ಪಕ್ಕದ ಮನೆಗೆ ಕೇಳುವ ಧಬ್ ಸದ್ದೂ ಕಡಿಮೆ. ಮೊದಲ ಬಾಣಗಳನ್ನು ಇನ್ನೂ ಹತ್ತಿರ ನಿಂತು ಬಿಟ್ಟು, ಎಷ್ಟು ಆಳ ಹೋಗುತ್ತದೆ ನೋಡಿಕೊಳ್ಳಿ.

ಟಾರ್ಗೆಟ್ ಮಧ್ಯ ನಿಮ್ಮ ಭುಜದ ಎತ್ತರಕ್ಕಿರಲಿ, ಬಾಣ ನೆಲಕ್ಕೆ ಸಮನಾಗಿ ಹೋಗಬೇಕು. ಫ್ಯಾನ್ ಆಫ್ ಮಾಡಿ, ಅದರ ಕೆಳಗೆ ನಿಲ್ಲಲೂಬೇಡಿ. 68 ಇಂಚಿನ ಬಿಲ್ಲನ್ನು ಎತ್ತಿದಾಗ ಮೇಲಿನ ತುದಿ ಏಳು ಅಡಿ ದಾಟುತ್ತದೆ. ಬಿಲ್ಲನ್ನು ಆಕಾಶಕ್ಕೆತ್ತಿ ಎಳೆಯುವ ಅಭ್ಯಾಸ ಇದ್ದರೆ ಮೊದಲು ಅದನ್ನು ಬಿಡಿ, ಆ ಹೊತ್ತಲ್ಲಿ ಕೈ ಜಾರಿದರೆ ಬಾಣ ಚಾವಣಿಗೇ.

ಬಿಲ್ಲಿಗೆ ಸೈಟ್ (ಗುರಿ ನೋಡುವ ಸಾಧನ) ಹಾಕಿದ್ದರೆ ಬಾಣ ನೀವು ನೋಡಿದ ಜಾಗಕ್ಕಿಂತ ಕೆಳಗೆ ಬೀಳುತ್ತದೆ, ಗಾಬರಿ ಬೇಡ. ಬಾಣ ಹೊರಡುವುದೇ ಕಣ್ಣಿಗಿಂತ ಸುಮಾರು ಅರ್ಧ ಗೇಣು ಕೆಳಗಿನಿಂದ, ಮೇಲೆ ಬರಲು ಅದಕ್ಕೆ ದೂರವೇ ಸಿಕ್ಕಿಲ್ಲ. ಸುಮ್ನೆ ಸೈಟ್ ಬಿಚ್ಚಿಡಿ. ಇನ್ನೊಂದು ವಿಷಯ, ಬಿಲ್ಲು ಬಿಟ್ಟ ಬಾಣ ಮೊದಲ ಕೆಲವು ಮೀಟರ್ ಮೀನಿನಂತೆ ಬಳುಕುತ್ತಲೇ ಹೋಗುತ್ತದೆ. ಹತ್ತಿರದ ಟಾರ್ಗೆಟ್‌ಗೆ ಓರೆಯಾಗಿ ನಾಟಿದರೆ ಅದು ನಿಮ್ಮ ತಪ್ಪಲ್ಲ, ಅದನ್ನು ನೋಡಿ ಬಿಲ್ಲಿನ ಟ್ಯೂನಿಂಗ್ ಬದಲಿಸಲು ಹೋಗಬೇಡಿ. ಆದರೆ ಹಾಗೆ ನಾಟುವುದರಿಂದ ಬಾಣಕ್ಕೆ ಪೆಟ್ಟು ಜಾಸ್ತಿ. ಒಂದೇ ಜಾಗಕ್ಕೆ ಸಾಲಾಗಿ ಬಿಡದೆ ಒಂದೊಂದಾಗಿ ಬಿಟ್ಟು ತೆಗೆಯಿರಿ. ಕಾರ್ಬನ್ ಬಾಣವಾದರೆ ಪ್ರತಿ ಸಲ ಮೆಲ್ಲಗೆ ಬಾಗಿಸಿ ಕಿವಿ ಹತ್ತಿರ ಹಿಡಿಯಿರಿ. ಚಿಟಚಿಟ ಸದ್ದು ಬಂದರೆ ಅದನ್ನು ಮುರಿದು ಎಸೆಯಿರಿ, ಸೀಳಿದ ಬಾಣ ಬಿಡುವಾಗ ಕೈಗೇ ಹೊಕ್ಕೀತು.

ಭಾನುವಾರ ರೇಂಜ್‌ಗೆ ಹೋದಾಗ ನೇರ 18 ಮೀಟರ್ ಗೆರೆಗೆ ಹೋಗಬೇಡಿ. ಕೋಚ್‌ಗೆ ಹೇಳಿ, ಪೇಪರ್ ಇಲ್ಲದ ಟಾರ್ಗೆಟ್ ಮುಂದೆ ಮೂರು ಮೀಟರ್‌ನಲ್ಲಿ ನಿಂತು, ಮನೆಯಲ್ಲಿ ಮಾಡಿದ್ದನ್ನೇ ಸ್ವಲ್ಪ ಹೊತ್ತು ಮಾಡಿ. ಆಮೇಲೆ ಹಿಂದೆ ಸರಿಯಿರಿ. ದೂರ ಹೆಚ್ಚಿದಂತೆ ಕೈ ಮತ್ತೆ ಹಳೇ ಚಾಳಿಗೆ ಬಿದ್ದರೆ ಎಷ್ಟು ಮೀಟರ್‌ನಲ್ಲಿ ಬಿತ್ತು ಅಂತ ಬರೆದಿಟ್ಟುಕೊಳ್ಳಿ, ಮುಂದಿನ ಭಾನುವಾರ ಅಲ್ಲಿಂದಲೇ ಶುರು ಮಾಡಬಹುದು.