ಇಲಿಗೆ ಶುಗರ್ ಇಳೀತು, ಸರಿ. ಆಮೇಲೆ?

ನಮ್ ಫ್ಯಾಮಿಲಿ ಗ್ರೂಪಲ್ಲಿ ವಾರಕ್ಕೊಂದ್ಸಲ ಆದ್ರೂ ಬಂದೇ ಬರುತ್ತೆ, ಈರುಳ್ಳಿ ಸಿಪ್ಪೆ ಕಷಾಯ ಕುಡೀರಿ ಶುಗರ್ ಮಾಯ, ವಿಜ್ಞಾನಿಗಳೇ ಹೇಳಿದಾರೆ ಅಂತ. ತಮಾಷೆ ಏನಂದ್ರೆ ಅದು ಪೂರ್ತಿ ಸುಳ್ಳೂ ಅಲ್ಲ. ಆ ಒಣ ಸಿಪ್ಪೇಲಿ ಕ್ವೆರ್ಸೆಟಿನ್ ಅನ್ನೋ ಫ್ಲೇವನಾಯ್ಡ್ (ಗಿಡಗಳಲ್ಲಿ ಸಿಗೋ ಒಂದು ಜಾತಿ ವಸ್ತು) ಜಾಸ್ತಿ ಇರೋದು ನಿಜ, ಅದನ್ನ ಶುಗರ್ ಇರೋ ಇಲಿಗೆ ಕೊಟ್ಟಾಗ ರಕ್ತದ ಗ್ಲುಕೋಸು, ಟ್ರೈಗ್ಲಿಸರೈಡು ಇಳೀತು ಅನ್ನೋ ಪೇಪರ್‌ಗಳೂ ಬೇಕಾದಷ್ಟಿವೆ. ಆದ್ರೆ ಆ ಇಲಿಗೆ ಶುಗರ್ ಬಂದಿದ್ದಾದ್ರೂ ಹೆಂಗೆ ಅಂತ ಯಾರೂ ಕೇಳಲ್ಲ.

ನಾನು ಎಂ.ಫಾರ್ಮ್ ಓದುವಾಗ ಒಂದಷ್ಟು ತಿಂಗಳು ಇಲಿ ರೂಮಲ್ಲೇ ಕಳೆದೋನು. ಅದಕ್ಕೆ ವಯಸ್ಸಾಗಿ ಶುಗರ್ ಬರ್ಲಿ ಅಂತ ಕಾಯೋಕೆ ಯಾರಿಗೂ ಟೈಮಿಲ್ಲ. ಸ್ಟ್ರೆಪ್ಟೊಜೊಟೊಸಿನ್ ಅಂತ ಒಂದು ವಿಷ ಇದೆ, ಮಣ್ಣಿನ ಬ್ಯಾಕ್ಟೀರಿಯಾದಿಂದ ಸಿಕ್ಕಿದ್ದು, ಅರ್ಧ ಭಾಗ ಗ್ಲುಕೋಸ್ ಥರಾನೇ ಇರುತ್ತೆ, ಇನ್ಸುಲಿನ್ ಮಾಡೋ ಬೀಟಾ ಕೋಶಗಳು ಗ್ಲುಕೋಸೇ ಬಂತು ಅಂದ್ಕೊಂಡು ಒಳಗೆ ಬಿಟ್ಕೊಂಡು ಸಾಯ್ತವೆ. ತಣ್ಣಗಿನ ಸಿಟ್ರೇಟ್ ಬಫರಲ್ಲಿ ಆಗಿಂದಾಗ್ಲೇ ಕರಗಿಸಿ, ಕೆಜಿ ತೂಕಕ್ಕೆ 50-60 ಮಿಲಿಗ್ರಾಂ ಲೆಕ್ಕದಲ್ಲಿ ಚುಚ್ಚೋದು. ಆ ರಾತ್ರಿ ಪಂಜರಕ್ಕೆ ಗ್ಲುಕೋಸ್ ನೀರು ಇಡೋದು ಮರೆತ್ರೆ ಕಥೆ ಮುಗೀತು, ಒಡೆದ ಕೋಶಗಳಿಂದ ಇದ್ದಬದ್ದ ಇನ್ಸುಲಿನ್ ಒಂದೇ ಸಲ ಸುರಿದು, ಶುಗರ್ ಲೋ ಆಗಿ ಬೆಳಗ್ಗೆ ಹೊತ್ತಿಗೆ ಸತ್ತಿರ್ತವೆ, ನಾನೂ ಹಂಗೆ ಎರಡನ್ನ ಕಳ್ಕೊಂಡೆ. ಮೂರು ದಿನ ಆದ್ಮೇಲೆ ಉಳಿದವು ನೀರು ಕುಡಿಯೋದು ಉಚ್ಚೆ ಹೊಯ್ಯೋದು, ಪಂಜರದ ಹೊಟ್ಟು ಎಷ್ಟ್ ಸಲ ಬದಲಾಯಿಸಿದ್ರೂ ಒದ್ದೆನೇ. ಬಾಲದಿಂದ ಒಂದ್ ಹನಿ ರಕ್ತ ತಗೊಂಡು ಗ್ಲುಕೋಮೀಟರಲ್ಲಿ 250 ದಾಟಿದ್ರೆ ಇಲಿ ಪಾಸ್.

ಆಮೇಲೆ ಫ್ಲೇವನಾಯ್ಡ್. ಹಳದಿ ಪುಡಿ, ನೀರಲ್ಲಿ ಕರಗೋದೇ ಇಲ್ಲ, ಗಂಜಿ ಥರ ಮಾಡಿ ಕೊಳವೆ ಸೂಜೀಲಿ ನೇರ ಹೊಟ್ಟೆಗೆ. ನಾಲ್ಕು ವಾರ ಬಿಟ್ಟು ಗ್ಲುಕೋಸ್, ಕೊಲೆಸ್ಟ್ರಾಲ್, ಲಿವರ್‌ಗೆ ಎಸ್‌ಜಿಪಿಟಿ, ಕಿಡ್ನಿಗೆ ಕ್ರಿಯಾಟಿನಿನ್ ಎಲ್ಲಾ ನೋಡಿದ್ರೆ ಗ್ರಾಫ್ ಚೆನ್ನಾಗೇ ಬರುತ್ತೆ. ಆದ್ರೆ ಆ ವಿಷ ಕೆಲಸ ಮಾಡೋದ್ರಲ್ಲಿ ಆಕ್ಸಿಡೇಶನ್ ಹೊಡೆತದ್ದೂ ಪಾಲಿದೆ, ಫ್ಲೇವನಾಯ್ಡ್ ಅದನ್ನ ತಡೆಯೋ ವಸ್ತು, ಹಂಗಾಗಿ ವಿಷಕ್ಕೆ ಮುಂಚೇನೇ ಕೊಟ್ಬಿಟ್ರೆ ಅದು ವಿಷ ತಡೀತೋ ಕಾಯಿಲೆ ವಾಸಿ ಮಾಡ್ತೋ? ನಂಗಂತೂ ಇಂಥ ಪೇಪರ್ ಕಂಡ್ರೆ ಮೊದ್ಲು ಯಾವ ದಿನ ಕೊಟ್ರು ಅಂತ ನೋಡೋದೇ ಅಭ್ಯಾಸ ಆಗ್ಬಿಟ್ಟಿದೆ. ಡೋಸ್ ಲೆಕ್ಕ ಇನ್ನೊಂದು. ಇಲಿಗೆ ಕೆಜಿಗೆ 50 ಮಿಲಿಗ್ರಾಂ ಅಂದ್ರೆ, ಮೈಯ ವಿಸ್ತೀರ್ಣದ ಲೆಕ್ಕದಲ್ಲಿ ಆರರಿಂದ ಭಾಗಿಸಿದ್ರೆ 60 ಕೆಜಿ ಮನುಷ್ಯನಿಗೆ ಸುಮಾರು 500 ಮಿಲಿಗ್ರಾಂ. ನಾವು ತಿನ್ನೋ ಈರುಳ್ಳೀಲಿ 100 ಗ್ರಾಂಗೆ ಕ್ವೆರ್ಸೆಟಿನ್ ಇರೋದು 20-30 ಮಿಲಿಗ್ರಾಂ. ದಿನಾ ಎರಡು ಕೆಜಿ ಈರುಳ್ಳಿ ತಿನ್ನೋರು ಕೈ ಎತ್ತಿ!

ಹಂಗಂತ ಇಲಿ ಕೆಲಸ ಎಲ್ಲಾ ದಂಡ ಅಂತಲ್ಲ. 1835ರಲ್ಲಿ ಸೇಬಿನ ಮರದ ಬೇರಿನ ತೊಗಟೆಯಿಂದ ಫ್ಲೋರಿಝಿನ್ ಅನ್ನೋ ಕಹಿ ವಸ್ತು ತೆಗೆದ್ರು, ಇದೂ ಫ್ಲೇವನಾಯ್ಡ್ ಕುಟುಂಬದ್ದೇ. ಕ್ವಿನೈನ್ ಥರ ಕಹಿ ಇದೆಯಲ್ಲ, ಜ್ವರಕ್ಕೆ ಆಗ್ಬಹುದು ಅಂತ ಆಸೆ ಇತ್ತು. 1886ರಲ್ಲಿ ಜರ್ಮನಿಯ ವೈದ್ಯ ಫಾನ್ ಮೆರಿಂಗ್ ನಾಯಿಗೆ ಕೊಟ್ಟು ನೋಡಿದ್ರೆ ಮೂತ್ರದಲ್ಲಿ ಸಕ್ಕರೆ! ನೂರು ವರ್ಷ ಬಿಟ್ಟು 1987ರಲ್ಲಿ, ವಿಷ ಹಾಕದೆ ಮೇದೋಜೀರಕ ಗ್ರಂಥಿಯ 90% ಕತ್ತರಿಸಿ ತೆಗೆದ ಇಲಿಗಳಿಗೆ ಇದನ್ನ ಕೊಟ್ರು, ರಕ್ತದ ಸಕ್ಕರೆ ಸರಿಹೋಗಿದ್ದಷ್ಟೇ ಅಲ್ಲ, ಮೈ ಇನ್ಸುಲಿನ್ ಮಾತು ಕೇಳೋದೂ ಮತ್ತೆ ಶುರುವಾಯ್ತು. ಇದು ಇನ್ಸುಲಿನ್ ತಂಟೆಗೇ ಹೋಗಲ್ಲ. ಕಿಡ್ನಿ ದಿನಕ್ಕೆ ಸುಮಾರು 180 ಗ್ರಾಂ ಗ್ಲುಕೋಸ್ ಸೋಸಿ ವಾಪಸ್ ರಕ್ತಕ್ಕೆ ಎಳ್ಕೊಳ್ಳುತ್ತೆ, ಆ ಎಳ್ಕೊಳ್ಳೋ ಬಾಗಿಲನ್ನೇ ಇದು ಮುಚ್ಚುತ್ತೆ, ಸಕ್ಕರೆ ಮೂತ್ರದಲ್ಲೇ ಹೊರಗೆ ಹೋಗುತ್ತೆ. ನುಂಗಿದ್ರೆ ಮಾತ್ರ ಕರುಳಲ್ಲೇ ಒಡೆದುಹೋಗುತ್ತೆ, ಹಂಗಾಗಿ ಕೆಮಿಸ್ಟ್‌ಗಳು ಅದರ ಆಕಾರ ತಿದ್ದಿ ತಿದ್ದಿ ಕೊನೆಗೆ ಮಾಡಿದ್ದು ಡಪಾಗ್ಲಿಫ್ಲೋಜಿನ್ ಅನ್ನೋ ಶುಗರ್ ಮಾತ್ರೆ, 2012ರಲ್ಲಿ ಯುರೋಪಲ್ಲಿ ಒಪ್ಪಿಗೆ ಸಿಕ್ತು. 2020ರಲ್ಲಿ ಭಾರತದಲ್ಲಿ ಪೇಟೆಂಟ್ ಮುಗಿದ್ಮೇಲೆ ಬೆಲೆ ಇಳಿದು ನಮ್ಮೂರ ಮೆಡಿಕಲ್ ಶಾಪಲ್ಲೂ ಸಿಗುತ್ತೆ.

ನಮ್ ಚಿಕ್ಕಪ್ಪನೂ ಅದೇ ಮಾತ್ರೆ ತಗೊಳ್ಳೋದು. ಹೋದ್ ತಿಂಗಳು ಗಾಬರಿಯಾಗಿ ಫೋನ್ ಮಾಡಿದ್ರು, ಯೂರಿನ್ ರಿಪೋರ್ಟಲ್ಲಿ ಶುಗರ್ ಮೂರು ಪ್ಲಸ್ ಬಂದಿದೆ ಕಣೋ ಅಂತ. ರಕ್ತದ್ದು ಎಷ್ಟು ಚಿಕ್ಕಪ್ಪಾ ಅಂದೆ. ಅದು ನೂರಾ ಹದಿನೆಂಟು ಅಂದ್ರು.